ಡಾಲ್ಫಿನ್ ಮಾತಿಗೆ ಕಿವಿಯಾಗುವ ಕೆಲಸ

ಸಿಗ್ನಲ್ಸ್ ವಿಷಯದಲ್ಲಿ ಬ್ಯಾಕ್‌ಲಾಗ್ ಉಳಿಸಿಕೊಂಡ ನನಗೆ, ಇದನ್ನೆಲ್ಲ ಕಲಿತು ಏನುಪಯೋಗ ಎನ್ನಿಸುತ್ತಿತ್ತು. ಬಹಾಮಾಸ್‌ನ ಬಿಮಿನಿ ದ್ವೀಪದಲ್ಲಿ ಡಾಲ್ಫಿನ್ ಅಧ್ಯಯನ ಮಾಡುವವರ ದಿನಚರಿ ಓದಿದೆ, ಉತ್ತರ ಸಿಕ್ಕಿತು.

ದೋಣಿಯಲ್ಲಿ ಬಿಸಿಲಿಗೆ ಮೈಯೊಡ್ಡಿ ಗಂಟೆಗಟ್ಟಲೆ ಹುಡುಕಾಟ. ಕಂಡರೆ ಕ್ಯಾಮೆರಾ ಹಿಡಿದು ನೀರಿಗೆ, ಕಾಣದಿದ್ದರೆ ಬರಿಗೈ. ಇಲ್ಲಿನ ಚುಕ್ಕೆ ಡಾಲ್ಫಿನ್ ಮರಿಗಳಿಗೆ ಚುಕ್ಕೆಗಳೇ ಇರುವುದಿಲ್ಲ, ಬೆಳೆದಂತೆ ಮೂಡುತ್ತವೆ. ಚುಕ್ಕೆ, ಗಾಯದ ಗುರುತು ನೋಡಿ ಯಾವುದು ಯಾವುದೆಂದು ಪತ್ತೆ ಹಚ್ಚಬೇಕು. ದಡ ಸೇರಿದ ಮೇಲೂ ಕಂಪ್ಯೂಟರ್ ಮುಂದೆ ದಾಖಲಾತಿ ಕೆಲಸ.

ನೀರಿನಲ್ಲಿ ಶಬ್ದದ ವೇಗ ಗಾಳಿಯಲ್ಲಿರುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು. ಅದು ಎತ್ತಣಿಂದ ಬಂತೆಂದು ನಮ್ಮ ಕಿವಿಗೆ ತಿಳಿಯದು. ಅದಕ್ಕೇ ಸಂಶೋಧಕಿ ಕ್ಯಾಥ್ಲೀನ್ ಡುಡ್ಜಿನ್‌ಸ್ಕಿ ವಿಡಿಯೊ ಕ್ಯಾಮೆರಾಗೆ ಎರಡು ಹೈಡ್ರೊಫೋನ್‌ಗಳನ್ನು ದೂರ ದೂರ ಜೋಡಿಸಿದರು. ‘ಮಾತಾಡಿದ’ ಡಾಲ್ಫಿನ್ ಯಾವುದೆಂದು ಗುರುತಿಸುವ ದಾರಿ ಸಿಕ್ಕಿತು.

ಅದೇ ಸಿಗ್ನಲ್ಸ್! ಈ ಸಲ ಉರು ಹೊಡೆಯುತ್ತಿಲ್ಲ, ಅರ್ಥ ಮಾಡಿಕೊಂಡು ಓದುತ್ತಿದ್ದೇನೆ.