ಸೈನೈಡ್ ಗುಡ್ಡ: ಸೈನೈಡ್ ಹೋದರೂ ವಿಷ ಯಾಕೆ ಹೋಗಿಲ್ಲ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಿಂದ ಕೇಳ್ತಿರೋರಿಗೆ ಇವತ್ತು ನಮ್ಮ ಜಿಲ್ಲೆಯದೇ ಕಥೆ.

ಕೆಜಿಎಫ್‌ಗೆ ಹೋಗಿದ್ರೆ ಆ ಬೋಳು ಗುಡ್ಡಗಳನ್ನ ನೋಡಿರ್ತೀರ. ಜೋರಾಗಿ ಗಾಳಿ ಬೀಸಿದ್ರೆ ಧೂಳು ಮನೆಯೊಳಗೇ ಬರುತ್ತೆ. ಜನ ಕರೆಯೋದು ಸೈನೈಡ್ ಗುಡ್ಡ ಅಂತ. ಆದ್ರೆ ಅದು ಗುಡ್ಡ ಅಲ್ಲ, ಗಣಿಯ ಕಸ.

ಅದಿರನ್ನ ಹಿಟ್ಟಿನ ಹಾಗೆ ಪುಡಿ ಮಾಡಿ, ಸೈನೈಡ್ ಬೆರೆಸಿದ ನೀರಿಗೆ ಹಾಕ್ತಿದ್ರು. ಚಿನ್ನ ಆ ನೀರಲ್ಲಿ ಕರಗುತ್ತೆ. ಅದನ್ನ ತೆಗೆದ ಮೇಲೆ ಉಳಿದ ಕೆಸರನ್ನ ಅಲ್ಲೇ ಸುರಿದ್ರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ರಾಶಿಗಳು ಉಳಿದವು: 13 ರಾಶಿ, ಸುಮಾರು 3.3 ಕೋಟಿ ಟನ್.

ಸೈನೈಡ್‌ನ ಬಹುಪಾಲು ಬಿಸಿಲು, ಗಾಳಿಗೆ ಕಾಲಕ್ರಮೇಣ ಒಡೆದುಹೋಗುತ್ತೆ. ಆದ್ರೆ ಕಲ್ಲಿನಲ್ಲೇ ಇದ್ದ ಆರ್ಸೆನಿಕ್, ನಿಕ್ಕಲ್‌ನಂಥವು ಎಲ್ಲೂ ಹೋಗಲ್ಲ. ಧೂಳಿನ ಜೊತೆ ಶ್ವಾಸಕೋಶಕ್ಕೆ, ಮಳೆನೀರಿನ ಜೊತೆ ಕೆರೆಗೆ ಸೇರಬಹುದು.

ಸುಟ್ಟುಬಿಡಬಹುದಲ್ವಾ? ಭೋಪಾಲ್‌ನ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 337 ಟನ್ ಕಸವನ್ನ 2025ರಲ್ಲಿ ಪೀಥಂಪುರಕ್ಕೆ ಸಾಗಿಸಿ ಸುಟ್ಟರು. ಕೀಟನಾಶಕದಂಥ ರಾಸಾಯನಿಕ ಬೆಂಕಿಗೆ ಒಡೆಯುತ್ತೆ. ಆರ್ಸೆನಿಕ್ ಒಡೆಯಲ್ಲ, ಹೊಗೆಗೋ ಬೂದಿಗೋ ಸೇರುತ್ತೆ ಅಷ್ಟೆ. ಮೇಲಾಗಿ ನಮ್ಮ ರಾಶಿ ಅದರ ಸುಮಾರು 98 ಸಾವಿರ ಪಟ್ಟು!

ಉಳಿಯೋದು ಎರಡು ದಾರಿ. ಒಂದು, ಇದ್ದಲ್ಲೇ ಮುಚ್ಚೋದು: ಇಳಿಜಾರು ಸರಿಮಾಡಿ, ಮಣ್ಣು ಹೊದಿಸಿ, ಹುಲ್ಲು, ಗಿಡ ಬೆಳೆಸಿ, ಹರಿಯೋ ನೀರನ್ನ ಪ್ರತ್ಯೇಕ ಕಾಲುವೆಯಲ್ಲಿ ಹಿಡಿಯೋದು. ಎರಡು, ಮತ್ತೆ ಅಗೆದು ಉಳಿದ ಚಿನ್ನ ತೆಗೆದು, ಹೊಸ ಕಸವನ್ನ ನೀರು ಇಂಗದ ಹಾಸಿನ ಮೇಲೆ ಇಡೋದು. 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಈ 13 ರಾಶಿಗಳ ಗಣಿಗಾರಿಕೆಗೆ ಒಪ್ಪಿಗೆ ಕೊಟ್ಟಿದೆ.

ಮತ್ತೆ ಸೈನೈಡ್ ಬಳಸಿದ್ರೆ, ಹೊರಗೆ ಬಿಡೋ ಮುಂಚೆ ಗಂಧಕದ ಡೈಆಕ್ಸೈಡ್ ಅಥವಾ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಅದರ ವಿಷ ಮುರಿಯಬಹುದು. ಕಟ್ಟೆ ಗಟ್ಟಿ ಇಲ್ಲದಿದ್ರೆ? 2000ದ ಜನವರಿ 30ರಂದು ರೊಮೇನಿಯಾದ ಬಾಯಾ ಮಾರೆಯಲ್ಲಿ ಇಂಥದ್ದೇ ಕಸದ ಕಟ್ಟೆ ಒಡೆದು, ಸುಮಾರು 1 ಲಕ್ಷ ಘನ ಮೀಟರ್ ಸೈನೈಡ್ ನೀರು ನದಿಗೆ ನುಗ್ಗಿತು. ಹಂಗೇರಿಯವರೆಗೂ ಮೀನುಗಳು ಸತ್ತವು.

ಹಾಗಾಗಿ ಎಷ್ಟು ಚಿನ್ನ ಸಿಗುತ್ತೆ ಅಂತ ಕೇಳೋದರ ಜೊತೆ ಇನ್ನೂ ಮೂರು ಪ್ರಶ್ನೆ ಕೇಳಿ. ಅಗೆಯುವಾಗ ಧೂಳು ತಡೆಯೋದು ಹೇಗೆ? ಕೊಳವೆಬಾವಿ ನೀರನ್ನ ಯಾರು ಪರೀಕ್ಷೆ ಮಾಡಿ, ಫಲಿತಾಂಶ ಎಲ್ಲಿ ಹಾಕ್ತಾರೆ? ಚಿನ್ನ ಮುಗಿದ ಮೇಲೆ ರಾಶಿ ಮುಚ್ಚೋ ದುಡ್ಡು ಮೊದಲೇ ಇಟ್ಟಿದಾರಾ? ಹೋದ ಸಲ ಚಿನ್ನ ಹೋಯ್ತು, ಧೂಳು ನಮಗೆ ಉಳೀತು.