ಜಲದಿಂದ ಜಲಜನಕ

ಜಲವನ್ನು ಹುಟ್ಟಿಸುವುದು ಜಲಜನಕ. ಗ್ರೀಕ್ ಮೂಲದ ‘ಹೈಡ್ರೋಜನ್’ ಎಂಬ ಹೆಸರಿಗೂ ಇದೇ ಅರ್ಥ. ಅದು ಉರಿದಾಗ ಹೊಗೆಯಿಲ್ಲ, ಮಸಿಯಿಲ್ಲ, ಉಂಟಾಗುವುದು ನೀರು. ಆದರೆ ಇಂದು ಕೈಗಾರಿಕೆಗಳು ಬಳಸುವ ಜಲಜನಕದ ಬಹುಪಾಲು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ ಬರುತ್ತದೆ; ಜೊತೆಗೆ ಇಂಗಾಲದ ಡೈ ಆಕ್ಸೈಡೂ ಹೊರಬೀಳುತ್ತದೆ. ಇದು ವಿಪರ್ಯಾಸವಲ್ಲವೆ? ಅದನ್ನು ನೀರಿನಿಂದಲೇ ಪಡೆಯಬೇಕು. ಜನಕನನ್ನು ಅವನ ಸಂತಾನದಿಂದ ಪಡೆಯುವಂತಹ ಕೆಲಸವಿದು!

1800ರಲ್ಲಿ ಇಂಗ್ಲೆಂಡಿನ ವಿಲಿಯಂ ನಿಕಲ್ಸನ್ ಮತ್ತು ಆಂಥೊನಿ ಕಾರ್ಲೈಲ್ ವಿದ್ಯುತ್ತನ್ನು ಹಾಯಿಸಿ ನೀರನ್ನು ಒಡೆದರು. ಲೆಕ್ಕದಂತೆ ಇದಕ್ಕೆ 1.23 ವೋಲ್ಟ್ ಸಾಕು. ವಾಸ್ತವದಲ್ಲಿ ಇನ್ನೂ ಹೆಚ್ಚು ಬೇಕಾಗುತ್ತದೆ. ಆ ಹೆಚ್ಚುವರಿಯು ನಷ್ಟವೇ ಸರಿ. ತಾನು ವ್ಯಯವಾಗದೆ ಕ್ರಿಯೆಯನ್ನು ಚುರುಕುಗೊಳಿಸಿ ಈ ನಷ್ಟವನ್ನು ತಗ್ಗಿಸುವ ವಸ್ತುವೇ ಕ್ರಿಯಾವರ್ಧಕ.

ಕ್ರಿಯಾವರ್ಧಕದ ಮೇಲ್ಮೈಯನ್ನು ಯಾತ್ರಿಕರ ಛತ್ರಕ್ಕೆ ಹೋಲಿಸಬಹುದು. ಬಂದವನಿಗೆ ಅಲ್ಲಿ ಎಡೆ ದೊರೆಯಬೇಕು. ಹಾಗೆಂದು ಅವನು ಅಲ್ಲಿಯೇ ಬಿಡಾರ ಹೂಡಿಬಿಟ್ಟರೆ ಹಿಂದೆ ಬರುವವರಿಗೆ ಸ್ಥಳವೆಲ್ಲಿ? ಜಲಜನಕದ ಪರಮಾಣು ಲೋಹಕ್ಕೆ ಅಂಟಬೇಕು. ಮತ್ತೊಂದು ಪರಮಾಣುವಿನೊಡನೆ ಕೂಡಿ ಅಣುವಾಗಿ ಹೊರಟುಹೋಗಲೂ ಬೇಕು. ಹಿಡಿತ ಬಿಗಿಯಾದರೂ ಕೆಡುಕು, ಸಡಿಲವಾದರೂ ಕೆಡುಕು. ಈ ತತ್ತ್ವವನ್ನು ತಿಳಿಸಿದವರು 1912ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಫ್ರೆಂಚ್ ವಿಜ್ಞಾನಿ ಪಾಲ್ ಸಬಾತ್ಯೆ. ಪ್ಲಾಟಿನಮ್ಮಿನ ಹಿಡಿತ ಹೆಚ್ಚುಕಡಿಮೆ ಹದವಾದುದು. ಆದರೆ ಅದು ವಿರಳವಾದ, ಬಹು ಬೆಲೆಯ ಲೋಹ. 2023ರಲ್ಲಿ ಆರಂಭವಾದ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಯಂತೆ, 2030ರ ವೇಳೆಗೆ ನಮ್ಮ ದೇಶ ವರ್ಷಕ್ಕೆ 50 ಲಕ್ಷ ಟನ್ ಉತ್ಪಾದಿಸುವ ಶಕ್ತಿ ಗಳಿಸಬೇಕಾಗಿದೆ. ಅಷ್ಟಕ್ಕೆಲ್ಲ ಪ್ಲಾಟಿನಮ್ಮನ್ನೇ ನೆಚ್ಚಿಕೊಂಡರೆ ಹೇಗೆ?

ಕಬ್ಬಿಣ, ನಿಕ್ಕಲ್, ಮಾಲಿಬ್ಡಿನಮ್‌ಗಳು ಎಷ್ಟೋ ಅಗ್ಗ. ಒಂಟಿಯಾಗಿ ಅವು ಪ್ಲಾಟಿನಮ್ಮನ್ನು ಸರಿಗಟ್ಟಲಾರವು. ಎರಡನ್ನು ಬೆರೆಸಿದಾಗ ಎಲೆಕ್ಟ್ರಾನುಗಳ ವಿನ್ಯಾಸ ಬದಲಾಗಿ, ಅದರೊಡನೆ ಹಿಡಿತವೂ ಬದಲಾಗುತ್ತದೆ. ನಿಕ್ಕಲ್–ಮಾಲಿಬ್ಡಿನಮ್ ಮಿಶ್ರಲೋಹವು ಕ್ಷಾರದ್ರಾವಣದಲ್ಲಿ ಪ್ಲಾಟಿನಮ್ಮಿನ ಸಮೀಪಕ್ಕೆ ಬರುತ್ತದೆ. ನಿಕ್ಕಲ್ ನೀರಿನ ಅಣುವನ್ನು ಒಡೆಯಲು ನೆರವಾದರೆ, ನೆರೆಯ ಮಾಲಿಬ್ಡಿನಮ್ ಜಲಜನಕಕ್ಕೆ ಎಡೆಗೊಡುತ್ತದೆಂದು ಹಲವು ಸಂಶೋಧಕರು ವಿವರಿಸುತ್ತಾರೆ. ಯಾವ ಜೋಡಿ ಹದವಾದೀತೆಂಬುದನ್ನು ಈಗ ಗಣಕಯಂತ್ರದಲ್ಲಿ ಮೊದಲೇ ಲೆಕ್ಕ ಹಾಕಿ, ಅನಂತರ ಪ್ರಯೋಗಕ್ಕೆ ಕೈಹಾಕುವುದುಂಟು.

ಕ್ರಿಯೆ ನಡೆಯುವುದು ಮೇಲ್ಮೈಯಲ್ಲಿ; ಒಳಗಡಗಿದ ಪರಮಾಣುಗಳಿಗೆ ಅಲ್ಲಿ ನೇರ ಪಾತ್ರವಿಲ್ಲ. ಆದ್ದರಿಂದಲೇ ಲೋಹವನ್ನು ನ್ಯಾನೋಕಣಗಳನ್ನಾಗಿ ಮಾಡುವರು. ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. 1 ಸೆಂ.ಮೀ. ಅಂಚಿನ ಘನವೊಂದರ ಮೇಲ್ಮೈ 6 ಚದರ ಸೆಂ.ಮೀ.; ಅದನ್ನೇ 10 ನ್ಯಾನೋಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು 600 ಚದರ ಮೀಟರ್! ನಂಬಿಕೆ ಬಾರದಿದ್ದರೆ ಲೆಕ್ಕ ಮಾಡಿ ನೋಡಿರಿ.

ತೊಡಕುಗಳೂ ಇವೆ. ಇಷ್ಟು ಕಿರಿಯ ಕಣಗಳು ಒಂದಕ್ಕೊಂದು ಅಂಟಿ ಹಿರಿದಾಗುವ ಸ್ವಭಾವದವು. ಅವನ್ನು ಇಂಗಾಲದ ಮೇಲೋ ನಿಕ್ಕಲಿನ ಜಾಲರಿಯ ಮೇಲೋ ನೆಲೆಗೊಳಿಸಬೇಕಾಗುತ್ತದೆ. ಆಮ್ಲದಲ್ಲಿ ನಿಕ್ಕಲ್ ಕರಗುತ್ತದೆ. ಕ್ಷಾರದಲ್ಲಿಯೂ ವಿದ್ಯುತ್ತು ನಿಂತಾಗ ಮಾಲಿಬ್ಡಿನಮ್ ಮೆಲ್ಲಮೆಲ್ಲನೆ ಕರಗಿಹೋಗುವುದುಂಟು. ಬಿಸಿಲು ಗಾಳಿಗಳ ವಿದ್ಯುತ್ತಾದರೋ ಬಂದು ಹೋಗುವ ನೆಂಟನಂತೆ. ಪ್ರಯೋಗಶಾಲೆಯಲ್ಲಿ ಕೆಲವು ನೂರು ಗಂಟೆ ಚೆನ್ನಾಗಿ ದುಡಿಯುವ ಹೊಸ ಮಿಶ್ರಲೋಹಗಳು ಹಲವಾರು. ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಬಾಳಬಲ್ಲವುಗಳಿಗಾಗಿ ಹುಡುಕಾಟ ನಡೆದಿದೆ.