ಭಟ್ಟಿಯ ಕೆಳಗಿನ ಕಾಂಕ್ರೀಟು

ಮುಡುಕುತೊರೆಯ ದನಗಳ ಜಾತ್ರೆಗೆ ಎತ್ತುಗಳನ್ನು ಹೊಡೆದುಕೊಂಡು ಬರುವವರು ಬಯಲಿನಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡಿಕೊಳ್ಳಬಹುದು. ಆ ಒಲೆಗೆ ತಳಪಾಯ ಬೇಕಿಲ್ಲ. ನೆಲ ತುಸು ಕುಸಿದರೆ ಕಲ್ಲೊಂದನ್ನು ಸರಿಸಿದರಾಯಿತು. ಆದರೆ ಹಿತ್ತಲಲ್ಲೋ ಶಾಲೆಯ ಅಂಗಳದಲ್ಲೋ ಬನ್ನು, ಬ್ರೆಡ್ಡು ಬೇಯಿಸಲು ಮಣ್ಣಿನ ಗುಮ್ಮಟದ ಭಟ್ಟಿ ಕಟ್ಟುವುದಾದರೆ ಮಾತು ಬೇರೆ. ಮಣ್ಣಿನ ಗುಮ್ಮಟ ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳದು. ಬುಡದ ಒಂದು ಮಗ್ಗುಲು ಕೆಲವೇ ಮಿಲಿಮೀಟರ್ ಮೇಲೆದ್ದರೂ ಬಿರುಕು ಬಿಡುತ್ತದೆ.

ತಳಪಾಯ ಇರುವುದು ಭಾರ ಹೊರುವುದಕ್ಕೆ ಎಂದು ನಾವು ಭಾವಿಸುತ್ತೇವೆ. ಲೆಕ್ಕ ಹಾಕಿ ನೋಡೋಣ. 1.5 ಮೀಟರ್ ಚೌಕದ, 10 ಸೆಂ.ಮೀ. ದಪ್ಪದ ಕಾಂಕ್ರೀಟ್ ಬೆಡ್ಡಿನ ತೂಕ ಸುಮಾರು 540 ಕಿ.ಗ್ರಾಂ. ಅದರ ಮೇಲೆ 1.2 ಮೀಟರ್ ಚೌಕದ, 60 ಸೆಂ.ಮೀ. ಎತ್ತರದ ಇಟ್ಟಿಗೆ ಕಟ್ಟೆ ಸುಮಾರು 1,550 ಕಿ.ಗ್ರಾಂ. ಗುಮ್ಮಟ ಮತ್ತು ಅದರ ಹಾಸು ಸೇರಿ ಇನ್ನೊಂದು 400. ಒಟ್ಟು ಸುಮಾರು 2,500 ಕಿ.ಗ್ರಾಂ. ಇದು 2.25 ಚದರ ಮೀಟರ್ ಮೇಲೆ ಹರಡಿದಾಗ ಚದರ ಮೀಟರಿಗೆ ಸುಮಾರು 1,100 ಕಿ.ಗ್ರಾಂ. ಆಗುತ್ತದೆ. 60 ಕಿ.ಗ್ರಾಂ ತೂಕದ ವ್ಯಕ್ತಿ 150 ಚದರ ಸೆಂ.ಮೀ. ವಿಸ್ತೀರ್ಣದ ಒಂದೇ ಪಾದದ ಮೇಲೆ ನಿಂತರೆ ಅದೇ ಲೆಕ್ಕದಲ್ಲಿ 4,000! ಭಟ್ಟಿಗಿಂತ ನಮ್ಮ ಪಾದವೇ ನೆಲವನ್ನು ಹೆಚ್ಚು ಒತ್ತುತ್ತದೆ.

ಹಾಗಾದರೆ ಆತಂಕ ಯಾವುದು? ಭಟ್ಟಿ ಹಗುರವಾಗಿರುವುದೇ ಆತಂಕ. ತಿ. ನರಸೀಪುರ, ನಂಜನಗೂಡು ತಾಲ್ಲೂಕುಗಳಲ್ಲಿ ಕೆಂಪು ಮಣ್ಣಿನೊಡನೆ ಅಲ್ಲಲ್ಲಿ ಎರೆಮಣ್ಣೂ ಇದೆ. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದ ಪದರಗಳ ನಡುವೆ ನೀರು ಹೊಕ್ಕಾಗ ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಸೀಳುತ್ತದೆ. ಬಹುಮಹಡಿ ಕಟ್ಟಡದ ತೂಕ ಈ ಉಬ್ಬನ್ನು ಅದುಮಿ ಹಿಡಿಯಬಹುದು. ಹಗುರವಾದ ಭಟ್ಟಿಗೆ ಆ ಶಕ್ತಿ ಇಲ್ಲ. ಬೇಸಿಗೆಯಲ್ಲಿ ಬೆಡ್ಡಿನ ನಡುಭಾಗದ ಕೆಳಗೆ ತೇವ ಉಳಿದಿರುತ್ತದೆ, ಅಂಚು ಒಣಗಿ ಇಳಿಯುತ್ತದೆ. ಮಳೆ ಬಂದಾಗ ಅಂಚು ಮೊದಲು ಏಳುತ್ತದೆ. ಕಾಲುವೆ ನೀರು ಹಾಯುವ ಗದ್ದೆಯ ಮಗ್ಗುಲಲ್ಲಿ ಈ ಏರಿಳಿತ ವರ್ಷವಿಡೀ ನಡೆಯಬಹುದು.

ನಿಮ್ಮ ಅಂಗಳದ ಮಣ್ಣು ಎಂಥದು ಎಂಬುದನ್ನು ಶಾಲೆಯಲ್ಲೇ ಪರೀಕ್ಷಿಸಬಹುದು. ಮಣ್ಣನ್ನು ಒಣಗಿಸಿ, ಪುಡಿಮಾಡಿ, ನಯವಾಗಿ ಜರಡಿ ಹಿಡಿಯಿರಿ. ಎರಡು ಅಳತೆ ಜಾಡಿಗಳಿಗೆ ತಲಾ 10 ಗ್ರಾಂ ಹಾಕಿ, ಒಂದಕ್ಕೆ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ 100 ಮಿ.ಲೀ.ವರೆಗೆ ತುಂಬಿ, ಕಲಕಿ, ಒಂದು ದಿನ ಬಿಡಿ. ಸೀಮೆಎಣ್ಣೆಯ ಅಣುಗಳಿಗೆ ನೀರಿನಂತೆ ಧ್ರುವೀಯ ಗುಣವಿಲ್ಲದ್ದರಿಂದ ಅದರಲ್ಲಿ ಜೇಡಿ ಉಬ್ಬುವುದಿಲ್ಲ. ಸೀಮೆಎಣ್ಣೆಯಲ್ಲಿ 10 ಮಿ.ಲೀ. ಇರುವ ಮಣ್ಣು ನೀರಿನಲ್ಲಿ 15 ಮಿ.ಲೀ. ಆಗಿದ್ದರೆ ಉಬ್ಬುವಿಕೆ ಶೇಕಡ 50. ಅಂಥ ನೆಲದ ಮೇಲೆ ನೇರವಾಗಿ ಬೆಡ್ ಹಾಕಬಾರದು.

ಅಂಥ ಕಡೆ ಅರ್ಧ ಮೀಟರ್ ಅಗೆದು ಬೇರೆ ಮಣ್ಣು ತುಂಬಬೇಕು. ಮರಳು ತುಂಬುವುದು ರೂಢಿ. ನನಗೆ ಅದು ಒಪ್ಪಿಗೆಯಿಲ್ಲ. ಸುತ್ತ ಎರೆ, ನಡುವೆ ಮರಳು ಎಂದರೆ ನೀರು ನಿಲ್ಲುವ ತೊಟ್ಟಿಯೇ ಸರಿ. ಮುಂಬೈ ಐಐಟಿಯ ಪ್ರೊ. ಆರ್. ಕೆ. ಕಟ್ಟಿ ಅವರು 1970ರ ದಶಕದಲ್ಲಿ ಇದಕ್ಕೆ ಉತ್ತಮ ದಾರಿ ತೋರಿಸಿದರು: ಅಂಟುಗುಣವಿದ್ದೂ ಉಬ್ಬದ ಮಣ್ಣಿನ ಪದರ. ನಮ್ಮ ಮಲಪ್ರಭಾ ಯೋಜನೆಯ ಕಾಲುವೆಗಳಲ್ಲಿ ಈ ಕ್ರಮ ಬಳಕೆಯಾಗಿದೆ. ನಮ್ಮ ಕೆಲಸಕ್ಕೆ ದಿಣ್ಣೆಯ ಕಡೆಯ ಕೆಂಪು ಗರಸು ಮಣ್ಣು ಸಾಕು. 15 ಸೆಂ.ಮೀ.ಗೊಂದು ಪದರದಂತೆ ಹಾಕಿ, ನೀರು ಚಿಮುಕಿಸಿ ದಮ್ಮಸು ಮಾಡಿ. ಬೆಡ್ಡಿನ ಮೇಲ್ಮಟ್ಟ ಸುತ್ತಲ ನೆಲಕ್ಕಿಂತ ಮೇಲಿರಲಿ, ಮಳೆನೀರು ಹೊರಕ್ಕೆ ಹರಿಯುವಂತೆ ಇಳಿಜಾರಿರಲಿ.

ಇನ್ನು ಎರೆಯುವುದು. 1:2:4 ಪ್ರಮಾಣದಲ್ಲಿ ಒಂದೂವರೆ ಚೀಲ ಸಿಮೆಂಟು, 105 ಲೀಟರ್ ಎಂ-ಸ್ಯಾಂಡ್, 210 ಲೀಟರ್ 20 ಮಿ.ಮೀ. ಜಲ್ಲಿ ಬೇಕು. ಹಲಗೆ ಕಟ್ಟಿ, ಮಟ್ಟ ನೋಡಿ, 8 ಮಿ.ಮೀ. ಸರಳುಗಳನ್ನು 20 ಸೆಂ.ಮೀ. ಅಂತರದಲ್ಲಿ ಜಾಲರಿಯಂತೆ ಕಟ್ಟಿ, ಬೆಡ್ಡಿನ ದಪ್ಪದ ನಡುವೆ ಬರುವಂತೆ ಕಲ್ಲುಚೂರುಗಳ ಮೇಲೆ ಕೂರಿಸಿ. ನೀರು ಚೀಲಕ್ಕೆ 25ರಿಂದ 27 ಲೀಟರ್ ಮೀರಬಾರದು. ಕಲಸಲು ಸುಲಭವೆಂದು ಹೆಚ್ಚು ಸುರಿದರೆ, ರಾಸಾಯನಿಕ ಕ್ರಿಯೆಗೆ ಬೇಡವಾದ ನೀರು ಆವಿಯಾಗಿ ಹೋಗಿ ಸೂಕ್ಷ್ಮ ರಂಧ್ರಗಳನ್ನು ಬಿಡುತ್ತದೆ. ಹಸಿ ಸಿಮೆಂಟು ಪ್ರಬಲ ಕ್ಷಾರ. ವಿದ್ಯಾರ್ಥಿಗಳು ಬರಿಗೈ ಹಾಕಕೂಡದು. ಕಾಂಕ್ರೀಟು ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರಿನೊಡನೆ ಸೇರುವುದರಿಂದ. ಆದ್ದರಿಂದ ಒದ್ದೆ ಗೋಣಿಚೀಲ ಹೊದಿಸಿ ಕನಿಷ್ಠ ಹತ್ತು ದಿನ ಆರದಂತೆ ನೋಡಿಕೊಳ್ಳಿ.

ಕೆಲವರು ಇಟ್ಟಿಗೆ ಕಟ್ಟೆಯ ಮೇಲೂ ಕಾಂಕ್ರೀಟು ಹಾಕಿ ಅದರ ಮೇಲೆಯೇ ಬೆಂಕಿ ಹೂಡುತ್ತಾರೆ. ಇದು ಅಪಾಯ. ಸಿಮೆಂಟಿನ ಗಟ್ಟಿಗಳು ತಯಾರಾಗುವುದು ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ, ನಿಜ. ಆದರೆ ಒಮ್ಮೆ ನೀರು ಕುಡಿದ ಸಿಮೆಂಟಿಗೆ ಆ ತಾಳಿಕೆ ಇರುವುದಿಲ್ಲ. ನೂರು ಡಿಗ್ರಿ ದಾಟಿದಾಗಲೇ ನೀರು ಬಿಡತೊಡಗುತ್ತದೆ. ಒಳಗೆ ಸಿಕ್ಕಿಕೊಂಡ ಹಬೆ ಮೇಲ್ಪದರವನ್ನು ಸಿಡಿಸಬಹುದು. 400ರಿಂದ 500 ಡಿಗ್ರಿಯಲ್ಲಿ ಅದರೊಳಗಿನ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಒಡೆದು ಸುಟ್ಟಸುಣ್ಣವಾಗುತ್ತದೆ. ತಣಿದ ಮೇಲೆ ಅದು ಗಾಳಿಯ ತೇವ ಹೀರಿ ಮತ್ತೆ ಉಬ್ಬಿ, ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. 573 ಡಿಗ್ರಿಯಲ್ಲಿ ಗ್ರಾನೈಟ್ ಜಲ್ಲಿಯೊಳಗಿನ ಕ್ವಾರ್ಟ್ಜ್ ಸ್ಫಟಿಕ ರೂಪ ಬದಲಿಸಿ ಹಠಾತ್ತನೆ ಹಿಗ್ಗುತ್ತದೆ.

ಆದ್ದರಿಂದ ಬೆಂಕಿಗೂ ಕಾಂಕ್ರೀಟಿಗೂ ನಡುವೆ ಶಾಖ ತಡೆಯುವ ಪದರ ಇರಲೇಬೇಕು. ಭತ್ತದ ಸೀಮೆಯಲ್ಲಿ ಇದಕ್ಕೆ ದುಡ್ಡು ಖರ್ಚಿಲ್ಲ: ಅಕ್ಕಿ ಗಿರಣಿಯ ಹೊಟ್ಟಿನ ಬೂದಿ. ಸಡಿಲ ಬೂದಿಯ ಶಾಖವಾಹಕತೆ ಕಾಂಕ್ರೀಟಿನ ಹತ್ತನೇ ಒಂದಂಶಕ್ಕಿಂತಲೂ ಕಡಿಮೆ. ಕಟ್ಟೆಯ ಒಳಗೆ ಕಲ್ಲುಚೂರು ತುಂಬಿ, ಮೇಲಿನ 10 ಸೆಂ.ಮೀ.ಗೆ ತುಸು ಜೇಡಿ ಬೆರೆಸಿದ ಈ ಬೂದಿ ಹಾಕಿ ಒತ್ತಿ. ಅದರ ಮೇಲೆ ತೆಳುವಾಗಿ ಮರಳು, ಮರಳಿನ ಮೇಲೆ ಬೆಂಕಿ ಇಟ್ಟಿಗೆಯ ಹಾಸು. ಹಾಸಿನ ಸಂದುಗಳಿಗೆ ಸಿಮೆಂಟು ಬೇಡ. ಕಾದ ಇಟ್ಟಿಗೆ ಹಿಗ್ಗಲು ಎಡೆ ಬೇಕು.

ಬೆಡ್ ಹಾಕಿ 28 ದಿನ ಕಳೆದಿರಲಿ, ಗುಮ್ಮಟವೂ ನೆರಳಿನಲ್ಲಿ ಆರಿರಲಿ. ಮೊದಲ ಕೆಲವು ದಿನ ಪುಳ್ಳೆಯ ಸಣ್ಣ ಉರಿ ಮಾತ್ರ ಹಾಕಿ. ಗುಮ್ಮಟದ ಬಾಯಿಗೆ ತಣ್ಣನೆಯ ಸ್ಟೀಲ್ ತಟ್ಟೆ ಹಿಡಿದರೆ ಅದರ ಮೇಲೆ ಇನ್ನೂ ದಟ್ಟವಾಗಿ ಹನಿ ಕಟ್ಟುತ್ತಿದೆಯೇ? ಹಾಗಿದ್ದರೆ ದೊಡ್ಡ ಸೌದೆ ಒಡ್ಡಲು ಇನ್ನೊಂದೆರಡು ದಿನ ತಡೆಯಿರಿ.